ಒಂದೇ ವರ್ಷದ ಮಾತು

ಮೇ ೧೪

ಸೂಪರಿಂಟೆಂಡೆಂಟರು ಇವತ್ತು ತಾವೇ ನೆಲಮಾಳಿಗೆಗೆ ಇಳಿದು ಬಂದರು. ಆಸ್ಪತ್ರೆಯ ಕೊಳೆಬಟ್ಟೆಯೆಲ್ಲ ಬಂದು ಬೀಳುವ ನಮ್ಮ ವಿಭಾಗಕ್ಕೆ ಅವರು ಕಾಲಿಡುವುದೇ ಅಪರೂಪ. ಬಂದರೂ ಮೂಗಿನ ಮೇಲಿನ ಕರವಸ್ತ್ರ ತೆಗೆಯುವುದಿಲ್ಲ. ಇವತ್ತು ತೆಗೆದರು. ಆಗಲೇ ನನಗೆ ಅನುಮಾನ ಬಂತು.

"ನೋಡಮ್ಮ, ಇಷ್ಟು ವರ್ಷ ನೀವೇ ಇನ್‌ಚಾರ್ಜ್ ಅಂತ ನಡೆಸ್ಕೊಂಡು ಬಂದ್ರಿ. ನಮ್ಮದೇನೂ ದೂರಿಲ್ಲ. ಆದ್ರೆ ಈಗ ಮೇಲಿನಿಂದ ನಿಯಮ ಬಂದಿದೆ, ಇನ್‌ಚಾರ್ಜ್ ಆದವರಿಗೆ ಡಿಗ್ರಿ ಇರಬೇಕು. ಮುಂದಿನ ವರ್ಷ ಜೂನ್ ಕೊನೆವರೆಗೆ ಟೈಮಿದೆ. ತಂದ್ರೆ ನೀವೇ ಪರ್ಮನೆಂಟು, ಸಂಬಳ ಹೆಚ್ಚುಕಮ್ಮಿ ಎರಡರಷ್ಟು. ಇಲ್ಲಾಂದ್ರೆ ಹೊರಗಿನವರನ್ನ ತಗೋತೀವಿ."

"ಆಗಲಿ ಸರ್" ಎಂದೆ. ಇನ್ನೇನು ಹೇಳಲಿ? ಮದುವೆಗೆ ಮುಂಚೆ ಎರಡು ವರ್ಷ ಕಾಲೇಜಿಗೆ ಹೋದವಳು ನಾನು. ಮೂರನೆಯ ವರ್ಷದ ಪಾಠ ಶುರುವಾಗುವ ಹೊತ್ತಿಗೆ ಅತ್ತೆಮನೆಯ ಒಲೆ ಮುಂದೆ ಇದ್ದೆ.

ಮನೆಯಲ್ಲಿ ಯಾರ ಮೇಲೂ ರೇಗಬಾರದೆಂದು ಈ ಡೈರಿಯಲ್ಲಿ ಬರೆಯುತ್ತಿದ್ದೇನೆ. ಮಗಳ ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ, ಅವಳು ಉಗುರು ಕಚ್ಚುತ್ತ ಓಡಾಡುತ್ತಿದ್ದಾಳೆ. ಇವರ ಹತ್ತಿರ ವಿಷಯ ಹೇಳಿದೆ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯನ ಬಾಯಿ ಮಾತ್ರ ಯಾವಾಗಲೂ ಕೆಟ್ಟು ನಿಂತಿರುತ್ತದೆ. "ನೋಡೋಣ" ಎಂದರು. ಇವರ 'ನೋಡೋಣ' ಎಂದರೆ ಅಡ್ಡಗೋಡೆಯ ಮೇಲಿಟ್ಟ ದೀಪ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ.

ಮೇ ೨೧

ಊಟದ ಬಿಡುವಿನಲ್ಲಿ ದೂರಶಿಕ್ಷಣ ಕೇಂದ್ರಕ್ಕೆ ಹೋಗಿ ಬಂದೆ. ನನ್ನ ಹಳೆಯ ಎರಡು ವರ್ಷ ಲೆಕ್ಕಕ್ಕೆ ಬರುತ್ತದಂತೆ! ಆ ಅಂಕಪಟ್ಟಿಗಳನ್ನು ಬಿಸಾಡದೆ ಇಟ್ಟುಕೊಂಡಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇನ್ನು ಒಂದೇ ವರ್ಷ. ಭಾನುವಾರ ಪಾಠ, ಮಿಕ್ಕ ದಿನ ಮನೆಯಲ್ಲೇ ಓದು. ಒಂದೊಂದು ವಿಷಯಕ್ಕೂ ಮನೆಯಲ್ಲಿ ಉತ್ತರ ಬರೆದು ಒಪ್ಪಿಸಬೇಕು. ಏಪ್ರಿಲಿನಲ್ಲಿ ಪರೀಕ್ಷೆ.

"ಕೆಲಸ ಮಾಡೋರಿಗೆ ಅಂತಾನೇ ಮಾಡಿರೋದು ಮೇಡಂ. ನಿಮ್ಮ ಟೈಮಲ್ಲಿ ನೀವು ಓದ್ಕೋಬಹುದು" ಎಂದಳು ಕಿಂಡಿಯ ಹಿಂದಿನ ಹುಡುಗಿ. ನನ್ನ ಟೈಮು ಎಲ್ಲಿದೆಯೆಂದು ಅವಳನ್ನೇ ಕೇಳಬೇಕಿತ್ತು.

ಫೀ ಎಷ್ಟೆಂದು ಮಾತ್ರ ಎರಡು ಸಲ ಕೇಳಿದೆ. ಮೂಗಿಗಿಂತ ಮೂಗುತಿ ಭಾರ. ಅದೂ ಒಂದೇ ಕಂತಿನಲ್ಲಿ ಕಟ್ಟಬೇಕು. ಪಾಸಾದರೆ ಆಸ್ಪತ್ರೆಯವರು ಪೂರ್ತಿ ವಾಪಸು ಕೊಡುತ್ತಾರಂತೆ. ಪಾಸಾದರೆ.

ಜೂನ್ ೪

ಪುಟ್ಟಿಯ ಫಲಿತಾಂಶ ಬಂತು. ಶಾಲೆಗೆ ಎರಡನೆಯವಳು. ಇವರು ಎದ್ದು ನಿಂತು ಅವಳ ತಲೆಯ ಮೇಲೆ ಕೈಯಿಟ್ಟರು, ಮತ್ತೆ ಕೂತರು. ಇವರ ಮಟ್ಟಿಗೆ ಅದು ಭಾಷಣ.

ಅವಳಿಗೆ ಸಂಖ್ಯಾಶಾಸ್ತ್ರ ಓದಬೇಕಂತೆ. "ಹಾಗಂದ್ರೆ ಏನೇ?" ಎಂದು ಕೇಳಿದೆ. "ಒಂದು ಹಿಡಿ ನೋಡಿ ಇಡೀ ಮೂಟೆ ಹೇಗಿದೆ ಅಂತ ಹೇಳೋದು ಅಮ್ಮ" ಎಂದಳು. ಅದನ್ನು ದಿನಸಿ ಅಂಗಡಿಯವನೂ ಹೇಳುತ್ತಾನೆ ಎಂದೆ. "ಅವನು ಎಷ್ಟು ಸಲ ತಪ್ಪು ಹೇಳ್ತಾನೆ ಅನ್ನೋದನ್ನೂ ನಾವು ಹೇಳ್ತೀವಿ" ಎಂದು ನಕ್ಕಳು. ದೊಡ್ಡ ಕಾಲೇಜಿನಲ್ಲಿ ಸೀಟು ಸಿಗುವುದು ಖಂಡಿತವಂತೆ.

ಅವಳ ಓದಿಗೆಂದು ಬ್ಯಾಂಕಿನಲ್ಲಿ ಇಟ್ಟದ್ದು ಒಂದು ಠೇವಣಿ. ಇರುವುದೂ ಅದೊಂದೇ.

ಜೂನ್ ೯

ಇವತ್ತು ಎಲ್ಲ ಇತ್ಯರ್ಥವಾಯಿತು. ಪುಟ್ಟಿಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. ಠೇವಣಿ ಈಗ ಅವಳಿಗೆ ಮುರಿದರೆ ಮೊದಲ ವರ್ಷಕ್ಕೆ ಸಾಕು, ಎರಡನೆಯ ವರ್ಷಕ್ಕೆ ಆಕಾಶ ನೋಡಬೇಕು. ಅಷ್ಟು ಹೊತ್ತಿಗೆ ನನ್ನ ಇನ್‌ಚಾರ್ಜ್ ಕೆಲಸವೂ ಹೋಗಿರುತ್ತದೆ. ನನಗೆ ಮುರಿದರೆ ಬರುವ ಜೂನಿಗೆ ಡಿಗ್ರಿ, ದುಪ್ಪಟ್ಟು ಸಂಬಳ, ಫೀ ವಾಪಸು. ಆಗ ಅವಳು ಮೂರು ವರ್ಷವೂ ನಿಶ್ಚಿಂತೆಯಿಂದ ಓದಬಹುದು. ಇದಕ್ಕೆ ಸಂಖ್ಯಾಶಾಸ್ತ್ರ ಬೇಕಿಲ್ಲ.

ಅವಳು ಬ್ಯಾಂಕಿನ ಕಾಗದವನ್ನು ಮಡಿಸುತ್ತ ಬಿಚ್ಚುತ್ತ ಕೂತಳು. ಅರ್ಥವಾಗಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಮತ್ತೂ ಒಮ್ಮೆ ಹೇಳಿದೆ.

"ನೀನು ಮೊದಲು ಮುಗಿಸಮ್ಮ. ನನ್ನದೇನು, ಒಂದೇ ವರ್ಷದ ಮಾತು" ಎಂದಳು.

ನಾನು ಬಲವಂತ ಮಾಡಲಿಲ್ಲ, ಇದ್ದದ್ದನ್ನು ಹೇಳಿದೆ ಅಷ್ಟೇ. ಎಂಥ ತಿಳಿವಳಿಕೆಯ ಮಗು! ನನ್ನ ಕಣ್ಣು ತುಂಬಿ ಬಂತು. ಇವರು "ನೋಡೋಣ" ಎಂದರು. ಏನನ್ನು ನೋಡುವುದು? ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗುತ್ತೇನೆ.

ಜೂನ್ ೨೯

ಮೊದಲ ಭಾನುವಾರ. ಯಾವುದೋ ಶಾಲೆಯ ತರಗತಿ, ಮಕ್ಕಳ ಬೆಂಚು. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆವು. ನಾವು ಹನ್ನೆರಡು ಜನ, ಎಲ್ಲರೂ ದುಡಿಯುವವರೇ. ಒಬ್ಬ ಬಸ್ ಕಂಡಕ್ಟರು, ಒಬ್ಬ ಬ್ಯಾಂಕಿನ ಗಾರ್ಡು, ಇಬ್ಬರು ನರ್ಸುಗಳು, ಮಿಕ್ಕವರ ಪರಿಚಯ ಇನ್ನೂ ಆಗಬೇಕು. ಮೇಷ್ಟ್ರು ಪಾಠ ಶುರುಮಾಡಿದ ಕೂಡಲೇ ಗಾರ್ಡು ನೆಟ್ಟಗೆ ಕೂತುಕೊಂಡೇ ನಿದ್ದೆ ಹೋದ. ಕೆಲಸದಲ್ಲಿ ಅಭ್ಯಾಸವಾಗಿರಬೇಕು.

ಟೀ ಹೊತ್ತಿನಲ್ಲಿ ಕಂಡಕ್ಟರು ಯಜಮಾನಿಕೆ ವಹಿಸಿಕೊಂಡರು. "ಎಲ್ಲಾ ಸಬ್ಜೆಕ್ಟೂ ಎಲ್ಲರೂ ಬರೆಯೋಕೆ ನಮಗೇನು ಬೇರೆ ಕಸುಬಿಲ್ವಾ? ಡ್ಯೂಟಿ ಬದಲಾಯಿಸ್ಕೊಳ್ಳಲ್ವಾ, ಹಾಗೇ. ಒಬ್ಬೊಬ್ಬರು ಒಂದೊಂದು ಬರೀರಿ, ಮಿಕ್ಕವರು ನೋಡ್ಕೊಂಡು ಬರ್ಕೊಳ್ಳಿ." ಹಿಂದಿನ ವರ್ಷದವರೂ ಹೀಗೇ ಮಾಡಿದ್ದಂತೆ. ನಾನು ಇನ್‌ಚಾರ್ಜ್ ಎಂದು ಗೊತ್ತಾಗಿ ನನಗೆ 'ಆಡಳಿತ ನಿರ್ವಹಣೆ' ಎಂಬ ವಿಷಯ ಕೊಟ್ಟರು. ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಡ್ರೈಯರಿನ ಪಾಳಿ ನಾವು ಹೀಗೇ ಹಂಚಿಕೊಳ್ಳುವುದು.

ಆಗಸ್ಟ್ ೧೮

ಓದಲು ಕೂತರೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ಬೆಳಿಗ್ಗೆ ಒಲೆಯ ಮುಂದೆ ಪುಸ್ತಕ ಹಿಡಿದು ನಿಂತರೆ ಹಾಲು ಉಕ್ಕುತ್ತದೆ. ಹಾಲು ನೋಡಿಕೊಂಡರೆ ಪುಟ ಅಲ್ಲೇ ನಿಲ್ಲುತ್ತದೆ.

ಪುಟ್ಟಿ ಒಂದು ಉಪಾಯ ಮಾಡಿದ್ದಾಳೆ. ನಾನು ಅಡುಗೆ ಮಾಡುವಾಗ ಅವಳು ಗಟ್ಟಿಯಾಗಿ ಓದುತ್ತಾಳೆ. ನಾನು "ಹೂಂ" ಎನ್ನುತ್ತೇನೆ. "ಏನು ಹೂಂ? ಈಗ ಏನ್ ಓದ್ದೆ ಹೇಳು" ಎಂದು ಪೀಡಿಸುತ್ತಾಳೆ. ಮೇಷ್ಟ್ರಿಗಿಂತ ಕಟ್ಟುನಿಟ್ಟು. ಅವಳಿಗೂ ಬೇಜಾರು ಕಳೆಯಬೇಕಲ್ಲ.

ಸೆಪ್ಟೆಂಬರ್ ೫

ಪುಟ್ಟಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮನೆಯಲ್ಲಿ ಕೂತು ಏನು ಮಾಡಲಿ ಎಂದು ಅವಳೇ ಹುಡುಕಿಕೊಂಡಳು. ನಮ್ಮ ಹನ್ನೆರಡು ಜನರ ಹಾಳೆಗಳನ್ನು ಅಲ್ಲೇ ಕಡಿಮೆ ದರಕ್ಕೆ ತೆಗೆಸಿಕೊಳ್ಳಬಹುದು. ಕಂಡಕ್ಟರಿಗೆ ಬಹಳ ಖುಷಿ.

ಅಕ್ಟೋಬರ್ ೨೬

ಬಾಯ್ಲರ್ ಕೈಕೊಟ್ಟು ವಾರವಾಯಿತು. ಬಟ್ಟೆಯ ರಾಶಿ ಬಾಗಿಲವರೆಗೂ ಬಂದಿದೆ. ಎರಡು ಪಾಳಿ ಮಾಡಿ ಮನೆಗೆ ಬಂದರೆ ನನ್ನ ಕೈಬೆರಳು ಪೆನ್ನು ಹಿಡಿಯುವುದಿಲ್ಲ. ಈ ಭಾನುವಾರ ಆಡಳಿತ ನಿರ್ವಹಣೆಯ ಉತ್ತರ ನಾನು ಎಲ್ಲರಿಗೂ ಕೊಡಬೇಕಿತ್ತು.

ಪುಟ್ಟಿ ತಾನೇ ಬರೆದುಕೊಡುತ್ತೇನೆಂದಳು. ಪುಸ್ತಕ ಅವಳಿಗೆ ಬಾಯಿಪಾಠವೇ ಆಗಿದೆ. "ಸ್ವಂತ ಅನುಭವದಿಂದ ಒಂದು ಉದಾಹರಣೆ ಕೊಡಿ ಅಂತ ಕೇಳಿದಾರೆ. ಅಜ್ಜಿ ಕಥೆ ಹಾಕಲಾ?" ಎಂದಳು. ನಮ್ಮತ್ತೆ ಸೊಸೆಯರಿಗೆ ಕೆಲಸ ಹಂಚುತ್ತಿದ್ದ ಕಥೆಯನ್ನು ನಾನು ನೂರು ಸಲ ಹೇಳಿದ್ದೇನೆ. ಮೂರನೆಯ ಸೊಸೆ ನಾನು, ನನ್ನ ಪಾಲಿಗೆ ಪಾತ್ರೆ. "ಏನಾದ್ರೂ ಹಾಕು ತಾಯಿ" ಎಂದು ಮಲಗಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಎಂಟು ಪುಟ! ನನ್ನ ಅಕ್ಷರದಲ್ಲಿ ನಕಲು ಮಾಡಿಕೊಂಡೆ. ಓದಿ ನೋಡಲು ಆಗಲಿಲ್ಲ, ಕೈ ಮಾತ್ರ ಓಡಿತು. ಇವತ್ತು ಹನ್ನೊಂದು ಪ್ರತಿ ಹಂಚಿದೆ. ಕಂಡಕ್ಟರು ಓದಿ, "ಅಕ್ಕಾ, ನೀವು ಲೆಕ್ಚರರ್ ಆಗಬೇಕಿತ್ತು" ಎಂದರು. ನನಗೆ ಹೆಮ್ಮೆಯೇ ಆಯಿತು.

ಜನವರಿ ೩

ರಜೆಗೆಂದು ಪುಟ್ಟಿಯ ಗೆಳತಿಯರು ಬಂದಿದ್ದರು. ಇಬ್ಬರೂ ಆ ದೊಡ್ಡ ಕಾಲೇಜಿನಲ್ಲೇ ಓದುವುದು. ಬಾಯಿ ತೆರೆದರೆ ಹಾಸ್ಟೆಲ್ಲು, ಲ್ಯಾಬು, ಯಾವನೋ ಮೇಷ್ಟ್ರ ನಡಿಗೆಯ ಅಣಕ. ಪುಟ್ಟಿ ನಗುತ್ತಲೇ ಕೂತಿದ್ದವಳು ಅಂಗಡಿಗೆ ಹೊತ್ತಾಯಿತೆಂದು ಎದ್ದು ಹೋದಳು. ಇವತ್ತು ಅಂಗಡಿಗೆ ರಜೆ. ಬಂದವರಿಗೆ ಟೀ ನಾನೇ ಮಾಡಬೇಕಾಯಿತು, ಓದು ಕೆಟ್ಟಿತು. ಸಂಜೆ ಬಂದ ಮೇಲೆ ಚೆನ್ನಾಗಿ ಬೈದೆ.

ಫೆಬ್ರವರಿ ೨೬

ಕೇಂದ್ರದಿಂದ ಕರೆ ಬಂದಿದೆ. ನಮ್ಮ ತಂಡದ ಹನ್ನೆರಡೂ ಜನರ ಪರೀಕ್ಷೆಯ ಪ್ರವೇಶಪತ್ರ ತಡೆಹಿಡಿದಿದ್ದಾರಂತೆ. ಎಲ್ಲರೂ ಮಾರ್ಚ್ ಹನ್ನೊಂದಕ್ಕೆ ವಿಚಾರಣೆಗೆ ಬರಬೇಕು. ಆಡಳಿತ ನಿರ್ವಹಣೆಯ ಉತ್ತರದಲ್ಲಿ ಹನ್ನೆರಡೂ ಜನರಿಗೆ ಒಬ್ಬಳೇ ಅತ್ತೆ ಇದ್ದಾಳಂತೆ.

ಕಂಡಕ್ಟರಿಗೆ ಫೋನ್ ಮಾಡಿ, "ಆ ಉದಾಹರಣೆಯನ್ನಾದ್ರೂ ಬದಲಾಯಿಸ್ಕೊಳ್ಳಬಾರದಿತ್ತೇ?" ಎಂದು ಕೂಗಿದೆ. "ನೋಡ್ಕೊಂಡು ಬರೀರಿ ಅಂದಿದ್ದೆ ಅಕ್ಕ, ಎಲ್ಲರೂ ನೋಡಿದ್ದನ್ನೇ ಬರೆದ್ರು" ಎಂದರು ಆ ಪುಣ್ಯಾತ್ಮ. ಅವರ ಉತ್ತರದಲ್ಲೂ ಅವರು ಮೂರನೆಯ ಸೊಸೆಯಂತೆ.

ನಗಬೇಕೋ ಅಳಬೇಕೋ ತಿಳಿಯದು.

ಮಾರ್ಚ್ ೧೧

ಪುಟ್ಟಿ ಅಂಗಡಿಗೆ ರಜೆ ಹಾಕಿ ಜೊತೆಗೆ ಬಂದಳು. ನಾನು ಒಬ್ಬಳೇ ಹೋಗಿದ್ದರೆ ಆ ಮೆಟ್ಟಿಲಿನಿಂದಲೇ ವಾಪಸು ಬರುತ್ತಿದ್ದೆ. ಅವಳು ಹೊರಗೆ ಬೆಂಚಿನ ಮೇಲೆ ಕೂತಳು, ನಾವು ಹನ್ನೆರಡು ಜನ ಒಳಗೆ ಗೋಡೆಗೆ ಒತ್ತಿಕೊಂಡು ನಿಂತೆವು.

ಮೇಜಿನ ಹಿಂದೆ ಮೂವರು. ಮಾತಾಡಿದ್ದು ನಡುವಿನ ಮೇಡಂ. ಮೊದಲು ಗಾರ್ಡನ್ನು ಮುಂದೆ ಕರೆದರು.

"ಮದುವೆ ಆಗಿದೆಯೇನಪ್ಪ?"

"ಇಲ್ಲ ಮೇಡಂ."

"ಮತ್ತೆ ನಿಮ್ಮತ್ತೆ ನಿಮ್ಮನ್ನ ಪಾತ್ರೆ ತೊಳೆಯೋಕೆ ಹಾಕಿದ್ದು ಯಾವಾಗ?"

ಅವನು ಯೋಚನೆ ಮಾಡಿ, "ಮುಂದೆ ಹಾಕಬಹುದು ಮೇಡಂ" ಎಂದ. ಪಕ್ಕದ ಇಬ್ಬರು ನಕ್ಕರು. ಮೇಡಂ ನಗಲಿಲ್ಲ.

ಆಮೇಲೆ ಅವರು ಹೇಳಿದ ಮಾತಿನಿಂದ ಜೀವ ಬಂತು. "ಇದನ್ನ ಮೊದಲು ಬರೆದವರು ಯಾರೋ ಒಬ್ಬರು ಇರಬೇಕು. ನಮಗೆ ಬಂದ ಉತ್ತರಗಳಲ್ಲೇ ಒಳ್ಳೆಯದು ಇದು. ಅವರನ್ನ ಎಚ್ಚರಿಕೆ ಕೊಟ್ಟು ಪರೀಕ್ಷೆಗೆ ಬಿಡ್ತೀವಿ. ಯಾರು?"

ಯಾರೂ ಬಾಯಿ ಬಿಡುವುದಿಲ್ಲ ಎಂದುಕೊಂಡೆ. ಕಂಡಕ್ಟರು ಮುಂದೆ ಬಂದರು. "ಈ ಅಕ್ಕಾನೇ ಮೇಡಂ. ನಾವೆಲ್ಲ ಕದ್ದವರು. ಅವರನ್ನ ಬಿಟ್ಟುಬಿಡಿ, ಅವರ ಕೆಲಸ ಇದರ ಮೇಲೆ ನಿಂತಿದೆ." ತಮ್ಮ ವರ್ಷ ಹೋದರೂ ನನ್ನನ್ನು ಉಳಿಸಲು ನೋಡಿದರು. ಅವರಿಗೆ ಬೈದ ನಾಲಿಗೆ ಇದೇ.

"ಹಾಗಾದ್ರೆ ನೀವು ಬರೆದದ್ದನ್ನ ನೀವೇ ಸ್ವಲ್ಪ ವಿವರಿಸಿ" ಎಂದರು ಮೇಡಂ. "ಮೂವರು ಸೊಸೆಯರಿದ್ದಾಗ ಸರಿಯಾಗಿ ನಡೀತಿದ್ದ ಮನೆ ನಾಲ್ಕನೆಯವಳು ಬಂದ ಮೇಲೆ ಯಾಕೆ ಕೆಟ್ಟಿತು?"

ನಾನು ಬದುಕಿದ ಮನೆ ಅದು. ಇದಕ್ಕಿಂತ ಸುಲಭದ ಪ್ರಶ್ನೆ ಉಂಟೇ? "ಆ ನಾಲ್ಕನೆಯವಳು ಮೈಗಳ್ಳಿ ಮೇಡಂ" ಎಂದೆ. "ಹೊತ್ತು ನೆತ್ತಿಗೇರಿದ ಮೇಲೆ ಏಳೋದು, ಅತ್ತೆ ಆ ಕಡೆ ತಿರುಗಿದ್ರೆ ಈ ಕಡೆ ಒರಗೋದು."

ಮೇಡಂ ಹಾಳೆ ತಿರುಗಿಸಿ ಓದಿದರು. 'ಮನೆ ಕೆಟ್ಟಿದ್ದು ನಾಲ್ಕನೆಯವಳ ತಪ್ಪಿನಿಂದಲ್ಲ. ಹಾಗೆ ಹೇಳುವುದು ಎಲ್ಲರಿಗೂ ಸುಲಭ. ಒಬ್ಬರು ಎಷ್ಟು ಜನರನ್ನು ಸರಿಯಾಗಿ ನೋಡಿಕೊಳ್ಳಬಲ್ಲರು ಎಂಬುದಕ್ಕೆ ಮಿತಿಯಿದೆ.' ಓದಿ ನನ್ನ ಮುಖ ನೋಡಿದರು. "ಇದಕ್ಕೆ ಪುಸ್ತಕದಲ್ಲಿ ಏನಂತಾರೆ ಅಂತಾದ್ರೂ ಹೇಳಿ" ಎಂದರು. ಪುಟ್ಟಿ ಅದನ್ನು ಎಷ್ಟು ಸಲ ಗಟ್ಟಿಯಾಗಿ ಓದಿದ್ದಳು, ನಾನು ಎಷ್ಟು ಸಲ "ಹೂಂ" ಎಂದಿದ್ದೆ. ಒಂದಕ್ಷರವೂ ಬಾಯಿಗೆ ಬರಲಿಲ್ಲ.

"ಇದು ನೀವು ಬರೆದದ್ದಲ್ಲ" ಎಂದರು. ಗದರಿಸಲಿಲ್ಲ. ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಬರೆದವಳು ಬಾಗಿಲಾಚೆಯೇ ಕೂತಿದ್ದಳು. ಕರೆದಿದ್ದರೆ ಒಂದೇ ಉಸಿರಿಗೆ ಹೇಳುತ್ತಿದ್ದಳು. ಕರೆದರೆ ನನ್ನ ಗತಿ? ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಕಂಡಕ್ಟರು ನನ್ನನ್ನೇ ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ಪುಟ್ಟಿ ಏನು ಕೇಳಿದರೆಂದು ಕೇಳಿದಳು. ಹೇಳಿದೆ. ಅವಳ ಮುಖ ಅರಳಿತು. "ಅಯ್ಯೋ ಅದಾ! ಅದಕ್ಕೆ ನಿಯಂತ್ರಣದ ವ್ಯಾಪ್ತಿ ಅಂತಾರೆ ಅಮ್ಮ. ಅಜ್ಜಿಗೆ ಮೂವರನ್ನ ನೋಡ್ಕೊಳ್ಳೋ ಶಕ್ತಿ ಇತ್ತು, ನಾಲ್ಕನೆಯವಳ ಕಡೆ ನೋಡೋಕೆ ಆಗ್ತಿರಲಿಲ್ಲ. ನೋಡದೇ ಇದ್ದವರು ಹಾಳಾದ್ರು ಅಂತ ಆಮೇಲೆ ಬೈಯೋದು..." ರಸ್ತೆಯಲ್ಲೇ ನಿಂತು ಎರಡೂ ಕೈ ಆಡಿಸಿ ಹೇಳುತ್ತಿದ್ದಳು. ಇಷ್ಟು ಉತ್ಸಾಹದಿಂದ ಅವಳು ಮಾತಾಡಿ ಎಷ್ಟೋ ದಿನವಾಗಿತ್ತು.

"ಈಗ್ಯಾಕೆ ಬಡ್ಕೋತೀಯ? ಅರ್ಥ ಆಗೋ ಹಾಗೆ ಆಗಲೇ ಹೇಳ್ಕೊಡೋಕೆ ಏನಾಗಿತ್ತು?" ಎಂದುಬಿಟ್ಟೆ.

ಬಸ್ಸಿನಲ್ಲಿ ಅವಳು ಕಿಟಕಿ ಕಡೆ ತಿರುಗಿ ಕೂತಿದ್ದಳು.

ಮಾರ್ಚ್ ೩೦

ತೀರ್ಪು ಬಂತು. ಹನ್ನೆರಡೂ ಜನ ಈ ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಕಟ್ಟಿದ ಫೀ ವಾಪಸಿಲ್ಲ. ಬೇಕಾದರೆ ಬರುವ ವರ್ಷಕ್ಕೆ ಹೊಸದಾಗಿ ಫೀ ಕಟ್ಟಿ ಮೊದಲಿನಿಂದ ಸೇರಿಕೊಳ್ಳಬಹುದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಠೇವಣಿ ಹೋಯಿತು, ಡಿಗ್ರಿ ಹೋಯಿತು, ಜೂನಿನಲ್ಲಿ ಇನ್‌ಚಾರ್ಜ್ ಕೆಲಸವೂ ಹೋಗುತ್ತದೆ.

ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಪುಟ್ಟಿ ನೀರು ತಂದುಕೊಟ್ಟು ಬೆನ್ನು ಸವರಿದಳು. ಆಗ ಇವರು ಬಾಗಿಲಲ್ಲಿ ನಿಂತು, "ಅವಳ ಕಾಲೇಜಿನ ಅರ್ಜಿಗೆ ನಾಳೆ ಕೊನೆ ದಿನ" ಎಂದರು. ಹತ್ತು ತಿಂಗಳಿಗೆ ಇವರ ಬಾಯಿಂದ ಬಂದ ಪೂರ್ತಿ ವಾಕ್ಯ ಅದೊಂದು. ಗಾಯದ ಮೇಲೆ ಬರೆ ಎಳೆಯಲು ಇದೇ ಹೊತ್ತು ಬೇಕಿತ್ತೇ? "ಯಾವ ದುಡ್ಡಲ್ಲಿ? ನಿಮ್ಮ ನೋಡೋಣದಲ್ಲಾ?" ಎಂದು ಕೂಗಿದೆ.

"ಬಿಡಪ್ಪ, ಅಮ್ಮನಿಗೆ ಹುಷಾರಿಲ್ಲ" ಎಂದಳು ಪುಟ್ಟಿ.

ಏಪ್ರಿಲ್ ೧೬

ಪರೀಕ್ಷೆ ನಡೆಯುತ್ತಿದೆ. ನಾನು ಕೆಲಸಕ್ಕೆ ಹೋಗಿ ಬಂದೆ.

ಜೂನ್ ೩೦

ಹೊಸ ಇನ್‌ಚಾರ್ಜ್ ಬಂದ. ಪುಟ್ಟಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಒಳ್ಳೆಯ ಹುಡುಗ, ನನ್ನನ್ನು "ಆಂಟಿ" ಎನ್ನುತ್ತಾನೆ. ಬೀಗದ ಕೈ ಗೊಂಚಲು ಕೊಟ್ಟು, ಯಾವುದು ಯಾವ ಕೋಣೆಯದೆಂದು ಹೇಳಿದೆ. ನನ್ನನ್ನು ಮತ್ತೆ ಬಟ್ಟೆ ಮಡಿಸುವ ಮೇಜಿಗೆ ಹಾಕಿದ್ದಾರೆ. ಸಂಬಳ ಇಳಿಯಿತು. ಇನ್ನೇನೂ ಆಗುವುದಿಲ್ಲ, ಇನ್ನು ಹೀಗೇ.

ಜುಲೈ ೭

ಪುಟ್ಟಿ ಇವತ್ತಿನಿಂದ ನಮ್ಮ ವಿಭಾಗಕ್ಕೆ ಬಂದಳು. ಒಂದು ಜಾಗ ಖಾಲಿಯಿದೆ ಎಂದು ನಾನು ಮನೆಯಲ್ಲಿ ಮಾತಿಗೆ ಹೇಳಿದ್ದೆ, ಜೆರಾಕ್ಸ್ ಅಂಗಡಿಗಿಂತ ಇಲ್ಲಿ ಹೆಚ್ಚು ಕೊಡುತ್ತಾರೆಂದು ಅವಳೇ ಹೋಗಿ ಸೂಪರಿಂಟೆಂಡೆಂಟರನ್ನು ಕಂಡಳಂತೆ. ನನ್ನ ಎದುರಿನ ಮೇಜು. ದೊಡ್ಡ ಹೊದಿಕೆ ಇಬ್ಬರು ಹಿಡಿದೇ ಮಡಿಸಬೇಕು, ಆ ತುದಿ ಅವಳು ಹಿಡಿದಳು. ಮಧ್ಯಾಹ್ನದೊಳಗೆ ಕೈ ಕುದುರಿತು. ನಾನು ಕಲಿಯಲು ವಾರ ಹಿಡಿದಿತ್ತು.

ಹೊಸ ಇನ್‌ಚಾರ್ಜ್ ಬಂದು ನೋಡಿ, "ಇಷ್ಟು ಚುರುಕಾಗಿದ್ದೀರಿ, ಓದ್ತಾ ಇಲ್ವಾ?" ಎಂದು ಕೇಳಿದ.

"ನಾನಲ್ಲ ಸರ್, ನಮ್ಮಮ್ಮ ಓದ್ತಿರೋದು" ಎಂದಳು. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವಳು ತಮಾಷೆಗೆ ಹೇಳಿದಳೋ ಏನೋ, ಮುಖ ನೋಡೋಣವೆಂದರೆ ಹೊದಿಕೆ ಅಡ್ಡ ಇತ್ತು.

ಮನೆಗೆ ನಡೆದುಕೊಂಡು ಬರುವಾಗ ಅವಳೇ ಮಾತು ತೆಗೆದಳು. "ಅಮ್ಮ, ನನ್ನ ಮೊದಲನೇ ಸಂಬಳ ಬಂದ ತಕ್ಷಣ ಅದರ ಮೇಲೆ ಸಾಲ ತೆಗೀತೀನಿ, ನೀನು ಮತ್ತೆ ಸೇರ್ಕೋ. ಪಾಸಾದ್ರೆ ಬೇರೆ ವಿಭಾಗದಲ್ಲಾದ್ರೂ ಇನ್‌ಚಾರ್ಜ್ ಮಾಡ್ತಾರೆ. ಒಂದೇ ವರ್ಷ ಅಲ್ವಾ."

ಅವಳೇ ಹೇಳಿದ್ದು, ನಾನು ಕೇಳಿರಲಿಲ್ಲ. ಬೇಡ ಮಗಳೇ, ಆ ದುಡ್ಡು ನಿನ್ನ ಓದಿಗೆ ಇಟ್ಟುಕೋ ಎನ್ನಬೇಕೆಂದು ಬಾಯಿ ತೆರೆದೆ. ಫೀ ಕಟ್ಟಲು ಕೊನೆಯ ದಿನ ಯಾವಾಗ ಎಂದು ಕೇಳಿದೆ.